ಕಪ್ಪೆಯ ಹೊಟ್ಟೆಯೊಳಗಿನ ಉಕ್ಕಿನ ಪಟ್ಟಿ

ಹುಣಸೂರು ಪೇಟೆಯ ಆ ಗಡಿಯಾರ ರಿಪೇರಿ ಅಂಗಡಿಯಲ್ಲಿ ಇಬ್ಬರು ಒಟ್ಟಿಗೆ ನಿಲ್ಲುವಷ್ಟೂ ಜಾಗವಿಲ್ಲ. ಎಚ್‌ಎಂಟಿ ವಾಚುಗಳ ಪಕ್ಕದಲ್ಲಿ ಹೊಟ್ಟೆ ಬಿಚ್ಚಿದ ತಗಡಿನ ಕಪ್ಪೆಯೊಂದು ಕೂತಿದೆ. ನಾನು ಹೋದದ್ದೇ ಅದಕ್ಕಾಗಿ. ಯಾವ ಕಾಲಕ್ಕೋ ಚುಂಚನಕಟ್ಟೆ ಜಾತ್ರೆಯಲ್ಲಿ ಕೊಂಡದ್ದಂತೆ.

‘ಮಕ್ಳು ಜಾಸ್ತಿ ಕೀ ಕೊಟ್ಟು ಸ್ಪ್ರಿಂಗ್ ಕಿತ್ತಾಕ್‌ಬುಟ್ರು ಅಂತ ಬೈಕೊಂಡು ತತ್ತಾರೆ ಸಾ. ಸ್ಪ್ರಿಂಗ್ ಅಷ್ಟ್ ಸುಲಭ್ವಾಗಿ ಕಿತ್ತೋಯ್ತದಾ? ತುದೀಲಿರೋ ಕೊಕ್ಕೆ ಕಳಚ್ಕಂಡಿರ್ತದೆ, ಇಲ್ಲಾಂದ್ರೆ ಎಣ್ಣೆ ಒಣಗಿ ಅಂಟಾಗಿರ್ತದೆ’ ಎಂದರು ಅಂಗಡಿಯ ಯಜಮಾನರು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ.

ಕಪ್ಪೆಯೊಳಗೆ ಇರುವುದು ಸುರುಳಿ ಸುತ್ತಿದ ಉಕ್ಕಿನ ಪಟ್ಟಿ. ಒಂದು ತುದಿ ಕೀ ತಿರುಗುವ ಅಚ್ಚಿಗೆ, ಇನ್ನೊಂದು ತುದಿ ಚೌಕಟ್ಟಿನ ಕಂಬಕ್ಕೆ. ಕೀ ಕೊಡುವಾಗ ‘ಕಟಕಟ’ ಎನ್ನುವುದು ಸ್ಪ್ರಿಂಗ್ ಅಲ್ಲ. ಹಲ್ಲುಚಕ್ರಕ್ಕೆ ಬಿದ್ದು, ಅದು ಹಿಂದಕ್ಕೆ ತಿರುಗದಂತೆ ತಡೆಯುವ ಪುಟ್ಟ ನಾಲಿಗೆ. ಬಗ್ಗಿಸಿದಷ್ಟೂ ಸ್ಪ್ರಿಂಗ್ ಎದುರು ಒತ್ತುತ್ತದೆ ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಬರೆದ. ಆ ಲೆಕ್ಕದಲ್ಲಿ ಎರಡು ಪಟ್ಟು ಸುತ್ತಿದರೆ ಕೂಡಿಡುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಪ್ಪೆ ಮೊದಲು ರಭಸದಿಂದ ನೆಗೆದು ಕೊನೆಗೆ ಸೋಮಾರಿಯಾಗುವುದೂ ಇದರಿಂದಲೇ.

ಆದರೆ ಕೂಡಿಟ್ಟದ್ದನ್ನು ಒಮ್ಮೆಗೇ ಬಿಟ್ಟರೆ ಆಟ ಕ್ಷಣದಲ್ಲಿ ಮುಗಿದೀತು. ಕೊನೆಯ ಚಕ್ರದ ಹಲ್ಲುಗಳಿಗೆ ಅತ್ತಿತ್ತ ಬಡಿಯುವ ಒಂದು ತುಂಡು ಲೋಹ ಅದನ್ನು ಹಲ್ಲು ಹಲ್ಲಾಗಿ ಬಿಡುತ್ತದೆ. ಆಟಿಕೆಯ ‘ಕಿರ್‍ರ್’ ಸದ್ದು ಅದರದೇ. ನನ್ನ ಮಟ್ಟಿಗೆ ಇಡೀ ಯಂತ್ರದ ಜಾಣತನವಿರುವುದು ಈ ತಡೆಯಲ್ಲಿ.

ಶ್ರೀರಂಗಪಟ್ಟಣದಿಂದ 1799ರಲ್ಲಿ ಬ್ರಿಟಿಷರು ಹೊತ್ತೊಯ್ದ, ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರುವ ಟಿಪ್ಪುವಿನ ಯಂತ್ರಹುಲಿ ಬೇರೆ ಬಗೆಯದು. ಅದರ ಹಿಡಿಕೆಯನ್ನು ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಘರ್ಜನೆಯೂ ನಿಲ್ಲುತ್ತದೆ. ಕಪ್ಪೆಯದು ಹಾಗಲ್ಲ, ಕೀ ಕೊಟ್ಟವರು ಕೈಬಿಟ್ಟ ಮೇಲೇ ಅದರ ಆಟ.

ಯಜಮಾನರು ಸ್ಪ್ರಿಂಗ್ ಬಿಚ್ಚುವಾಗ ಮೇಲೊಂದು ಬಟ್ಟೆ ಹಾಕಿದರು. ಚಿಮ್ಮಿದರೆ ಕಣ್ಣಿಗೇ ಅಪಾಯ. ಮುರಿದ ತುದಿಯನ್ನು ಮಾತ್ರ ಸ್ಪಿರಿಟ್ ದೀಪದಲ್ಲಿ ಕೆಂಪಗೆ ಕಾಯಿಸಿ, ತಾನಾಗಿ ಆರಲು ಬಿಟ್ಟು, ಇಕ್ಕುಳದಲ್ಲಿ ಬಗ್ಗಿಸಿ ಹೊಸ ಕೊಕ್ಕೆ ಮಾಡಿದರು. ಕಾಯಿಸದೆ ಬಗ್ಗಿಸಿದರೆ ಗಡಸು ಉಕ್ಕು ಪಟಕ್ಕನೆ ಮುರಿಯುತ್ತದೆ. ಪಟ್ಟಿಯನ್ನೆಲ್ಲ ಕಾಯಿಸಿದರೆ ಪುಟಿತವೇ ಹೋಗುತ್ತದೆ. ಆಮೇಲೆ ಹೊಲಿಗೆ ಮಷೀನಿನ ಎಣ್ಣೆ, ಒಂದೇ ತೊಟ್ಟು.

ಈ ಕೈಚಳಕ ಬಂದದ್ದು ವಾಚುಗಳಿಂದ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುಮಾಡಿತು. ದಿನವೂ ಕೀ ಕೊಡಬೇಕಾದ ‘ಜನತಾ’ ವಾಚಿನೊಳಗೂ ಇಂಥದೇ ಉಕ್ಕಿನ ಪಟ್ಟಿ, ಆದರೆ ಅಲ್ಲಿ ಗಂಟೆಗೆ 18,000 ಬಡಿತದ ಶಿಸ್ತು. ಆ ವಾಚು ಕಾರ್ಖಾನೆಗಳನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಇವರ ಬಳಿ ಕೆಲಸ ಕಲಿತ ಹುಡುಗರು ಈಗ ಮೊಬೈಲ್ ರಿಪೇರಿಯಲ್ಲಿದ್ದಾರೆ.

ಪೂರ್ತಿ ತುಂಡಾದ ಸ್ಪ್ರಿಂಗಿಗೆ ಬದಲಿ ಸಿಗುತ್ತದೆಯೇ ಎಂದು ಕೇಳಿದೆ. ಹಳೆಯ ಅಲಾರಾಂ ಗಡಿಯಾರಗಳನ್ನು ಗುಜರಿಯಿಂದ ತಂದು ಅವುಗಳದ್ದನ್ನೇ ಕತ್ತರಿಸಿ ಕೂರಿಸುತ್ತಿದ್ದರಂತೆ. ‘ಈಗ ಗುಜರೀಗೂ ಶೆಲ್ ಹಾಕೋ ಗಡಿಯಾರನೇ ಬರೋದು ಸಾ’ ಎಂದು, ಡ್ರಾಯರಿನಲ್ಲಿ ಉಳಿದಿದ್ದ ಸ್ಪ್ರಿಂಗುಗಳನ್ನು ತೋರಿಸಿದರು. ಅದರಲ್ಲಿ ಕಪ್ಪೆಯ ಅಳತೆಯದು ಒಂದೂ ಇರಲಿಲ್ಲ.