ಮೇಲೇರಿ ಇಳಿದುಬರುವ ಕಾಫಿ

ದೀಪ ಹಚ್ಚಿದರೆ ಕೆಳಗಿನ ಗಾಜಿನ ಬುಡ್ಡಿಯಲ್ಲಿದ್ದ ನೀರು ಮೇಲಿನ ಬುಡ್ಡಿಗೆ ಹತ್ತುತ್ತದೆ. ದೀಪ ಆರಿಸಿದರೆ ಕಾಫಿಯಾಗಿ ಕೆಳಗಿಳಿಯುತ್ತದೆ. ಸೈಫನ್ ಕಾಫಿ ಎಂದರೆ ಇಷ್ಟೇ. ಜಪಾನಿನ ಹಳೆಯ ಕಾಫಿ ಅಂಗಡಿಗಳಲ್ಲಿ ಗಿರಾಕಿಯ ಕಣ್ಣೆದುರೇ ನಡೆಯುವ ಈ ಕೆಲಸವನ್ನು ಮನೆಯಲ್ಲೂ ಮಾಡಿಕೊಳ್ಳಬಹುದು. ನೋಡುವವರಿಗೆ ಮೋಜು, ಮಾಡುವವರಿಗೆ ಮೈಯೆಲ್ಲ ಕಣ್ಣು.

ಇದು ಹುಟ್ಟಿದ್ದು ಜಪಾನಿನಲ್ಲಲ್ಲ, ಯುರೋಪಿನಲ್ಲಿ. ಪುಡಿಯನ್ನು ನೀರಿನ ಜೊತೆಗೇ ಕುದಿಸಿ ಕಾಫಿಯನ್ನು ಕಹಿ ಮಾಡಿಕೊಳ್ಳುವುದು ಸಾಮಾನ್ಯವಾಗಿದ್ದ ಕಾಲ ಅದು. 1830ರ ದಶಕದಲ್ಲಿ ಜರ್ಮನಿಯಲ್ಲೂ ಫ್ರಾನ್ಸಿನಲ್ಲೂ ಹೊಸ ದಾರಿ ಹುಡುಕುವ ಪ್ರಯತ್ನಗಳು ಶುರುವಾದವು. 1840ರ ದಶಕದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಮದಾಂ ವಾಸ್ಯೂ ಎಂಬ ಮಹಿಳೆಯ ಸಾಧನ ಹೆಸರು ಮಾಡಿತು. ಎರಡು ಗಾಜಿನ ಗೋಳ, ಹಿಡಿದು ನಿಲ್ಲಿಸಲು ಲೋಹದ ಚೌಕಟ್ಟು, ಕಾಫಿ ಬಸಿದುಕೊಳ್ಳಲು ನಲ್ಲಿ, ನೆತ್ತಿಯ ಮೇಲೊಂದು ಕಿರೀಟ. ಚಂದವೇನೋ ಚಂದ. ಆದರೆ ಅಂದಿನ ಗಾಜು ಬೆಂಕಿಯನ್ನು ತಾಳುವಂಥದ್ದಲ್ಲ. ನೀರೆಲ್ಲ ಮೇಲೇರಿದ ಮೇಲೂ ದೀಪ ಉರಿಯುತ್ತಿದ್ದರೆ ಬುಡ್ಡಿ ಸಿಡಿಯುವ ಭಯವಿತ್ತು. ಈ ಭಯಕ್ಕೆ ಮದ್ದಾಗಿ ತೂಗುವ ಮಾದರಿಯೊಂದು ಬಂತು. ಅದರಲ್ಲಿ ಎರಡು ಪಾತ್ರೆಗಳು ಅಕ್ಕಪಕ್ಕ ಕೂತಿರುತ್ತವೆ. ನೀರು ಆಚೆ ಪಾತ್ರೆಗೆ ದಾಟಿದೊಡನೆ ಹಗುರಾದ ಈಚೆ ಪಾತ್ರೆ ಮೇಲೇಳುತ್ತದೆ, ಅದು ತಡೆದು ಹಿಡಿದಿದ್ದ ಮುಚ್ಚಳ ದೀಪದ ಮೇಲೆ ಬಿದ್ದು ಉರಿ ತಾನಾಗಿ ಆರುತ್ತದೆ.

ಗಾಜು ತಂದ ತಂಟೆಯನ್ನು ಕೊನೆಗೆ ಗಾಜೇ ತೀರಿಸಿತು. 1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಶಾಖಕ್ಕೆ ಜಗ್ಗದ ಪೈರೆಕ್ಸ್ ಪಾತ್ರೆಗಳನ್ನು ಮಾರುಕಟ್ಟೆಗೆ ತಂದಿತು. ಆ ಗಾಜಿನಿಂದ ಮಾಡಿದ ಸೈಲೆಕ್ಸ್ ಎಂಬ ಹೆಸರಿನ ಸೈಫನ್‌ಗಳು ಅಲ್ಲಿನ ಮನೆ, ಹೋಟೆಲುಗಳಲ್ಲಿ ಮಾಮೂಲಾದವು. ಮುಂದೆ ವಿದ್ಯುತ್ ಕಾಫಿ ಯಂತ್ರಗಳ ಎದುರು ಅವು ಮೂಲೆ ಸೇರಿದವು. ಜಪಾನ್ ಮಾತ್ರ ಕೈಬಿಡಲಿಲ್ಲ. 1921ರಲ್ಲಿ ಪ್ರಯೋಗಾಲಯದ ಗಾಜಿನ ಸಾಮಾನು ಮಾಡಲು ಟೋಕಿಯೊದಲ್ಲಿ ಶುರುವಾದ ಹಾರಿಯೊ ಕಂಪನಿ 1940ರ ದಶಕದ ಕೊನೆಯಲ್ಲಿ ಸೈಫನ್ ಮಾಡತೊಡಗಿತು. ಇಂದು ಮನೆಬಳಕೆಗೆ ಹೆಚ್ಚಾಗಿ ಕೊಳ್ಳುವ ಸೈಫನ್‌ಗಳಲ್ಲಿ ಅದರದೂ ಒಂದು.

ನೀರು ಮೇಲೇರುವುದರಲ್ಲಿ ಮಾಯವೇನೂ ಇಲ್ಲ. ಮೇಲಿನ ಬುಡ್ಡಿಯ ಉದ್ದನೆಯ ನಳಿಕೆ ಕೆಳಗಿನದರ ತಳದ ಹತ್ತಿರದವರೆಗೂ ಇಳಿದಿರುತ್ತದೆ. ಎರಡರ ನಡುವಿನ ಸಂದನ್ನು ರಬ್ಬರ್ ಬಿಗಿಯಾಗಿ ಮುಚ್ಚುತ್ತದೆ. ಕಾದ ಗಾಳಿಯೂ ಆವಿಯೂ ಹಿಗ್ಗಲು ಜಾಗವಿಲ್ಲದೆ ನೀರನ್ನು ಒತ್ತುತ್ತವೆ, ನೀರಿಗೆ ನಳಿಕೆಯೊಂದೇ ದಾರಿ. ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ನೀರನ್ನು ತಳ್ಳಲು ವಾತಾವರಣದ ಒತ್ತಡದ ಶೇಕಡ ಒಂದೂವರೆಯಷ್ಟು ಹೆಚ್ಚುವರಿ ಒತ್ತಡ ಸಾಕು. ನಳಿಕೆಯ ಬಾಯಿಗೆ ಎಟುಕದ ಒಂದಿಷ್ಟು ನೀರು ತಳದಲ್ಲೇ ಉಳಿದು ಕುದಿಯುತ್ತಿರುತ್ತದೆ. ಅದರ ಆವಿಯೇ ಮೇಲಿನ ನೀರನ್ನು ಎತ್ತಿಹಿಡಿಯುತ್ತದೆ. ದೀಪ ತೆಗೆದರೆ ಆ ಆವಿ ತಣಿದು ನೀರಾಗುತ್ತದೆ, ಒಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ಗಾಳಿ ಕಾಫಿಯನ್ನು ಬಟ್ಟೆಯ ಸೋಸುಕದ ಮೂಲಕ ಕೆಳಕ್ಕೆ ದೂಡುತ್ತದೆ.

ಹೊಸಬರು ಎಡವುವುದು ನೀರು ಮೇಲೇರುವ ಹಂತದಲ್ಲೇ. ನೀರು ಕುದಿಯುವ ಮೊದಲೇ ಎರಡೂ ಬುಡ್ಡಿಗಳನ್ನು ಬಿಗಿದುಬಿಟ್ಟರೆ ಗಾಳಿಯ ಹಿಗ್ಗುವಿಕೆಗೇ ನೀರು ಹತ್ತಿಬಿಡುತ್ತದೆ, ಅರೆಬಿಸಿ ನೀರಲ್ಲಿ ಪುಡಿ ನೆನೆದು ಕಾಫಿ ಸಪ್ಪೆಯಾಗುತ್ತದೆ. ಅದಕ್ಕೇ ಮೇಲಿನ ಬುಡ್ಡಿಯನ್ನು ಮೊದಲು ಓರೆಯಾಗಿ, ಸಡಿಲವಾಗಿ ಇಡಬೇಕು. ಸೋಸುಕದಿಂದ ನಳಿಕೆಯೊಳಗೆ ಇಳಿಬಿದ್ದ ಮಣಿಸರಪಳಿ ಇರುವುದು ಬರೀ ಕೊಕ್ಕೆ ಎಳೆದು ಸಿಕ್ಕಿಸಲಿಕ್ಕಲ್ಲ. ಅದರ ತುದಿಯಿಂದ ಗುಳ್ಳೆಗಳು ಒಂದೇ ಸಮನೆ ಏಳತೊಡಗಿದರೆ ನೀರು ಸಿದ್ಧ ಎಂದರ್ಥ. ಆಗ ಬುಡ್ಡಿಯನ್ನು ನೆಟ್ಟಗೆ ಮಾಡಿ ಒತ್ತಿ ಕೂರಿಸಬೇಕು. ಸ್ಪಿರಿಟ್ ದೀಪ ನಿಧಾನಿ, ಹಾಗಾಗಿ ಕೆಟಲ್‌ನಲ್ಲಿ ಕಾಯಿಸಿದ ನೀರನ್ನೇ ಹಾಕುವುದು ಜಾಣತನ. ಬುಡ್ಡಿಯ ಹೊರಮೈಯನ್ನು ಒಣಬಟ್ಟೆಯಿಂದ ಒರೆಸುವುದನ್ನು ಮರೆಯಬಾರದು, ಹಸಿ ಗಾಜಿಗೆ ಉರಿ ತಗುಲಿದರೆ ಬಿರುಕು ಬಿಟ್ಟೀತು.

300 ಮಿಲಿಲೀಟರ್ ನೀರಿಗೆ 20 ಗ್ರಾಂ ಪುಡಿ. ಪುಡಿ ಚಿರೋಟಿ ರವೆಗಿಂತ ತುಸು ತರಿ, ಉಪ್ಪಿಟ್ಟಿನ ರವೆಗಿಂತ ನಯವಾಗಿರಲಿ. ನೀರು ಮೇಲೇರಿದ ಮೇಲೆ ಉರಿ ತಗ್ಗಿಸಿ, ಪುಡಿ ಸುರಿದು, ಬಿದಿರಿನ ಪಟ್ಟಿಯಿಂದ ಮೆಲ್ಲಗೆ ಕದಡಿ, ಒಂದು ನಿಮಿಷ ಬಿಡಬೇಕು. ಆಮೇಲೆ ದೀಪ ಆರಿಸಿ ಇನ್ನೊಮ್ಮೆ ಸುತ್ತು ಕದಡಿದರೆ ಮುಕ್ಕಾಲು ನಿಮಿಷದೊಳಗೆ ಕಾಫಿ ಇಳಿದು, ಕೊನೆಯಲ್ಲಿ ನೊರೆಗುಟ್ಟುತ್ತದೆ. ಮೇಲೆ ಉಳಿದ ಚರಟ ಗುಮ್ಮಟದ ಆಕಾರದಲ್ಲಿ ಕೂತಿದ್ದರೆ ಕೈ ಹದ ಸರಿಯಿತ್ತೆಂದು ಲೆಕ್ಕ. ಇಳಿಯಲು ತಡವಾದರೆ ಪುಡಿ ತೀರಾ ನಯವಾಗಿದೆ, ಇಲ್ಲವೇ ಬಟ್ಟೆ ಕಟ್ಟಿಕೊಂಡಿದೆ.

ಆ ಬಟ್ಟೆಯ ಆರೈಕೆ ಬೇಸರದ ಕೆಲಸ, ನಿಜ. ಹೊಸದನ್ನು ಮೊದಲು ಬಿಸಿನೀರಲ್ಲಿ ಕುದಿಸಬೇಕು, ಸೋಪು ಮುಟ್ಟಿಸಬಾರದು, ತೊಳೆದು ನೀರಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಬೇಕು. ಒಣಗಲು ಬಿಟ್ಟರೆ ಅದರಲ್ಲಿ ಉಳಿದ ಕಾಫಿಯ ಎಣ್ಣೆ ಕಮಟು ಹಿಡಿದು ಮುಂದಿನ ಲೋಟವನ್ನೂ ಕೆಡಿಸುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಸೈಫನ್‌ಗೆ ಅದರಿಂದ ನಷ್ಟವೇನಿಲ್ಲ, ಮೇಲಿನ ಬುಡ್ಡಿಯಲ್ಲಿ ಬೇಕಾದದ್ದು 90 ಡಿಗ್ರಿಗಿಂತ ತುಸು ಹೆಚ್ಚು ಅಷ್ಟೆ. ಯೋಚಿಸಬೇಕಾದದ್ದು ಪುಡಿಯ ಬಗ್ಗೆ. ನಮ್ಮ ಫಿಲ್ಟರ್ ಕಾಫಿಯ ಪುಡಿಯಲ್ಲಿ ಚಿಕೋರಿ ಶೇಕಡ 49ರವರೆಗೂ ಇರಲು ಕಾನೂನಿನ ಒಪ್ಪಿಗೆಯಿದೆ. ಸೈಫನ್ ಕೊಡುವ ತಿಳಿಯಾದ, ಹಗುರ ಕಾಫಿಗೆ ಅದು ಹೊಂದುವುದಿಲ್ಲ. ಹದವಾಗಿ ಹುರಿದ ಚಿಕ್ಕಮಗಳೂರಿನ ಅಪ್ಪಟ ಅರೇಬಿಕಾ ತಂದು ಆಗಲೇ ಪುಡಿ ಮಾಡಿಕೊಂಡರೆ, ಗಟ್ಟಿ ಡಿಕಾಕ್ಷನ್‌ನಲ್ಲಿ ಮುಚ್ಚಿಹೋಗುವ ಹಣ್ಣಿನ ಹುಳಿ, ಹೂವಿನ ಪರಿಮಳ ನಾಲಿಗೆಗೆ ಸಿಗುತ್ತವೆ. ಇದಕ್ಕೆ ಹಾಲು ಬೆರೆಸಿದರೆ ನೀರುಹಾಲಾಗುತ್ತದೆ. ಹಾಲಿಲ್ಲದೆ ಕಾಫಿಯೇ ಅಲ್ಲ ಎನ್ನುವವರಿಗೆ ಮನೆಯ ಹಿತ್ತಾಳೆ ಫಿಲ್ಟರೇ ಲೇಸು.