ಕೂಗಿದರೆ ತಿರುಗದ ಮಗು: ಮೊದಲು ಕಿವಿ ಪರೀಕ್ಷಿಸಿ



ದನದ ಡಾಕ್ಟರು ಮಕ್ಕಳ ಕಿವಿಯ ಬಗ್ಗೆ ಬರೆಯುವುದೇಕೆ ಎಂದು ತಾವು ಕೇಳಬಹುದು. ಯಲಹಂಕದ ಕಡೆಯ ಹಳ್ಳಿಯೊಂದರಲ್ಲಿ ಹಸು ನೋಡಲು ಹೋಗಿದ್ದೆ. ಆ ಮನೆಯ ಆರು ವರ್ಷದ ಹುಡುಗನಿಗೆ ಡೌನ್ ಸಿಂಡ್ರೋಮ್. "ಒಂದೊಂದ್ ಸಲ ಕೇಳ್ತಾನೆ, ಒಂದೊಂದ್ ಸಲ ಇಲ್ಲ. ಬರೀ ಮೊಂಡು ಸಾರ್" ಎಂದರು ತಾಯಿ. ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದೆ, ತಿರುಗಲಿಲ್ಲ. ಎದುರು ಬಂದು ಕರೆದೊಡನೆ ನಗುತ್ತಾ ಓಡಿಬಂದ. ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯೊಳಗೆ ನೀರು ನಿಂತಿರುವುದು ತಿಳಿಯಿತು.

ವರ್ಣತಂತು ಎಂದರೇನು?

ಹಸುವಿನ ಜೀವಕೋಶದಲ್ಲಿ 60, ಮನುಷ್ಯರಲ್ಲಿ 46 ವರ್ಣತಂತುಗಳಿರುತ್ತವೆ. ಇವುಗಳಲ್ಲಿ ದೋಷವಿದ್ದರೆ ಗರ್ಭ ಕಟ್ಟುವುದು ಕಡಿಮೆಯಾಗುವುದರಿಂದಲೇ ವೀರ್ಯ ಸಂಗ್ರಹಣೆಯ ಹೋರಿಗಳಿಗೆ ವರ್ಣತಂತು ಪರೀಕ್ಷೆ ಮಾಡಲಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುತ್ತದೆ. ಇದು 1959ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾಯಿತು. ಗ್ರಹಣ, ಶಾಪ, ಬಸುರಿಯ ಊಟ ಇವು ಯಾವುವೂ ಕಾರಣವಲ್ಲ.

ಕಿವಿಗೆ ತೊಂದರೆ ಏಕೆ?

ಈ ಮಕ್ಕಳ ಕಿವಿಯ ದಾರಿ ಕಿರಿದು. ಗುಗ್ಗೆ ಬೇಗ ಕಟ್ಟಿಕೊಳ್ಳುತ್ತದೆ. ಕಿವಿಯಿಂದ ಗಂಟಲಿಗೆ ಹೋಗುವ ನಾಳವೂ ಸಣ್ಣದು. ಆದ್ದರಿಂದ ತಮಟೆಯ ಹಿಂದೆ ದ್ರವ ನಿಲ್ಲುತ್ತದೆ. ನೋವಿರುವುದಿಲ್ಲ, ಸೋರುವುದಿಲ್ಲ, ಹಾಗಾಗಿ ಮನೆಯವರಿಗೆ ತಿಳಿಯುವುದೇ ಇಲ್ಲ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಕಾಲದಲ್ಲಿ ಶ್ರವಣದೋಷ ಕಾಣಿಸುತ್ತದೆ. ಕೆಲವರಿಗೆ ನರದ ದೋಷವೂ ಇರಬಹುದು. ಸರಿಯಾಗಿ ಕೇಳದ ಮಗು ಮಾತು ಕಲಿಯುವುದು ತಡವಾಗುತ್ತದೆ. ಆ ತಪ್ಪನ್ನು ನಾವು ಬುದ್ಧಿಯ ಮೇಲೆ ಹೊರಿಸುತ್ತೇವೆ.

ಏನು ಮಾಡಬೇಕು?

1. ಹುಟ್ಟಿದ ತಿಂಗಳೊಳಗೆ ಶ್ರವಣ ಪರೀಕ್ಷೆ ಮಾಡಿಸಿರಿ. ಆಗ ಸರಿಯಿದ್ದರೂ ಮೊದಲ ಕೆಲವು ವರ್ಷ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಮಾಡಿಸಿರಿ. ದೊಡ್ಡವರಾದ ಮೇಲೂ ಬಿಡಬಾರದು.

2. ಕಾಯಿಸಿದ ಎಣ್ಣೆ ಬಿಡುವುದು, ಪಿನ್ನು ಹಾಕುವುದು ಬೇಡ. ಗುಗ್ಗೆಯನ್ನು ಕಿವಿ ವೈದ್ಯರೇ ತೆಗೆಯಲಿ.

3. ದ್ರವ ಇಳಿಯದಿದ್ದರೆ ತಮಟೆಗೆ ಸಣ್ಣ ನಳಿಕೆ ಇಡುತ್ತಾರೆ ಅಥವಾ ಶ್ರವಣಯಂತ್ರ ಕೊಡುತ್ತಾರೆ.

4. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನವರ ತಪಾಸಣೆ ಉಚಿತ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರನ್ನು ವಿಚಾರಿಸಿರಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡಕ್ಕೂ ಚಿಕಿತ್ಸೆಯಿದೆ.

ಆ ಹುಡುಗನಿಗೆ ನಳಿಕೆ ಹಾಕಿದ್ದಾರೆ. ಈಗ ಹಿಂದಿನಿಂದ ಕರೆದರೂ ತಿರುಗುತ್ತಾನೆ. ಆದರೆ ಮಾತು ಕಲಿಯುವ ವರ್ಷಗಳು ಕಳೆದುಹೋದವು. ಹಸು ಮೇವು ಬಿಟ್ಟರೆ ನಾವು ಅದನ್ನು ಮೊಂಡು ಎನ್ನುವುದಿಲ್ಲ, ಜ್ವರ ನೋಡುತ್ತೇವೆ. ಮಗುವಿನ ವಿಷಯದಲ್ಲೂ ಅಷ್ಟೇ ಎಚ್ಚರ ವಹಿಸಬೇಕೆಂದು ಸದಸ್ಯರಲ್ಲಿ ವಿನಂತಿ.