ಕುಡಿತ ಬಿಟ್ಟ ಮೇಲೂ ಬೇಕು, ಕೂತು ಮಾತಾಡುವ ಒಂದು ಜಾಗ

ಬಟವಾಡೆ ದಿನ ಬಂತೆಂದರೆ ನಮ್ಮ ಕಾಫಿ ಸೀಮೆಯ ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಎದೆ ಡವಡವ. ಕೂಲಿ ಕೈಗೆ ಬರುತ್ತದೆ, ಸಂತೆಗೂ ಹೋಗಬೇಕು. ಸಂತೆಯ ದಾರಿಯಲ್ಲೇ ಬ್ರಾಂದಿ ಅಂಗಡಿ! ಅಕ್ಕಿ, ಎಣ್ಣೆ ಮನೆ ಸೇರಿದರೆ ಪುಣ್ಯ. ಇದು ಬರೀ ಲೈನ್ ಮನೆಗಳ ಕಥೆ ಅಂದುಕೊಳ್ಳಬೇಡಿ. ತೋಟದ ದೊಡ್ಡ ಮನೆಗಳಲ್ಲೂ ಇದೇ ಗೋಳು. ಅಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಾರೆ, ಅಷ್ಟೇ ವ್ಯತ್ಯಾಸ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತೇ? ನೀವೇ ಹೇಳಿ.

"ಮನಸ್ಸು ಮಾಡಿದ್ರೆ ಬಿಡೋಕಾಗಲ್ವಾ?" ಎಂದು ಕೇಳುವವರು ಬಹಳ. ಮನಸ್ಸು ಮಾಡಿ, ದೇವರ ಮುಂದೆ ಆಣೆ ಇಟ್ಟು ಬಿಟ್ಟವರೂ ಬೇಕಾದಷ್ಟು ಜನ ಇದ್ದಾರೆ. ಕಷ್ಟ ಬರುವುದು ಆಮೇಲೆ. ಎರಡು ಮೂರು ತಿಂಗಳು ಕಳೆದು ಒಂದು ಮದುವೆ ಮನೆ, ಹಳೇ ಸ್ನೇಹಿತರು, ಇಲ್ಲವೇ ವಾರಗಟ್ಟಲೆ ಬಿಡದೆ ಹೊಡೆಯುವ ಮಳೆ. ಆ ಹೊತ್ತಿಗೆ ಕೈ ಹಿಡಿಯುವ ಜೊತೆ ಬೇಕು. ಅದೇ ಹಾದಿ ತುಳಿದು ಬಂದವರಿಗಿಂತ ಒಳ್ಳೆಯ ಜೊತೆ ಇನ್ನಾರಿದ್ದಾರು?

ಇದನ್ನು ಕಂಡುಕೊಂಡವರು ಅಮೆರಿಕದ ಇಬ್ಬರು ಕುಡುಕರು. 1935ರಲ್ಲಿ ಆಕ್ರನ್ ಎಂಬ ಊರಿನಲ್ಲಿ ಬಿಲ್ ಎಂಬ ಷೇರು ವ್ಯವಹಾರದವನೂ ಬಾಬ್ ಎಂಬ ಶಸ್ತ್ರವೈದ್ಯನೂ ಎದುರುಬದುರು ಕೂತು ತಮ್ಮ ತಮ್ಮ ಕಥೆ ಹೇಳಿಕೊಂಡರು. ಆ ಮಾತುಕತೆಯಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಇವತ್ತು ಲೋಕದ ತುಂಬ ಅದರ ಸಭೆಗಳಿವೆ. ಫೀಸಿಲ್ಲ, ಜಾತಿ ಕೇಳುವುದಿಲ್ಲ, ಪೂರ್ತಿ ಹೆಸರೂ ಹೇಳಬೇಕಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು.

<b>ನಮ್ಮ ಕಡೆ ಎಲ್ಲಿ ಹುಡುಕುವುದು?</b>

ಮೊದಲು ನಿಮ್ಮ ಸ್ವಸಹಾಯ ಸಂಘದಲ್ಲೇ ವಿಚಾರಿಸಿ. 1982ರಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ನಮ್ಮ ಹಳ್ಳಿಗಳಲ್ಲೆಲ್ಲ ಇವೆ. ಯೋಜನೆಯವರೂ ಜನಜಾಗೃತಿ ವೇದಿಕೆಯವರೂ ಊರಿನವರನ್ನು ಸೇರಿಸಿಕೊಂಡು ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ, ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಇರುತ್ತದೆ. ಶಿಬಿರಕ್ಕೆ ಕಳಿಸಿ "ಸದ್ಯ, ಮುಗೀತು" ಎಂದು ಉಸಿರು ಬಿಡುವವರೇ ಹೆಚ್ಚು. ಬಿಡಿಸುವುದು ಶಿಬಿರ, ಉಳಿಸುವುದು ಸಮಿತಿ. ಅದಕ್ಕೇ "ಮುಂದಿನ ಸಭೆ ಯಾವತ್ತು, ಎಲ್ಲಿ?" ಎಂದು ಶಿಬಿರದ ಕೊನೆಯ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಸಂಘದವರ ಮುಂದೆ ಬಾಯಿಬಿಡಲು ಸಂಕೋಚವೇ? ಹಾಗಾದರೆ 14446ಕ್ಕೆ ಫೋನ್ ಮಾಡಿ. ಅದು ವ್ಯಸನ ಬಿಡಿಸಲೆಂದೇ ಇರುವ ಸರ್ಕಾರದ ಸಹಾಯವಾಣಿ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ ನಂಬರು 14416. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕಳಸದ ಒಳಹಳ್ಳಿಗಳಿಂದ ಚಿಕ್ಕಮಗಳೂರಿಗೆ ಹೋಗಿ ಬರುವುದೆಂದರೆ ಇಡೀ ದಿನದ ಕೆಲಸ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅಂಥವರಿಗೆ ಮೊಬೈಲಿನಲ್ಲೇ ನಡೆಯುವ ಎ.ಎ. ಸಭೆಗಳೂ ಇವೆ. ನೆಟ್‌ವರ್ಕ್ ಸಿಗುವ ದಿಬ್ಬವೊಂದಿದ್ದರೆ ಆಯಿತು!

<b>ಮೊದಲು ಡಾಕ್ಟರ ಹತ್ತಿರ</b>

ದಿನಾ ವಿಪರೀತ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನ ಕೈ ನಡುಗುವುದು, ಬೆವರುವುದು, ಫಿಟ್ಸ್ ಬರುವುದು, ಇಲ್ಲದ್ದೆಲ್ಲ ಕಾಣಿಸುವುದು ಉಂಟು. ಪ್ರಾಣಕ್ಕೂ ಅಪಾಯ. ಆದ್ದರಿಂದ ಬಿಡಿಸುವ ಮುಂಚೆ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. "ಅವರಿಗೆ ಗೊತ್ತಾಗದಂತೆ ಸಾರಿಗೆ ಬೆರೆಸಿ" ಎಂದು ಪುಡಿ, ಮಾತ್ರೆ ಮಾರುವವರಿದ್ದಾರೆ. ದಯವಿಟ್ಟು ಬೆರೆಸಬೇಡಿ. ಡೈಸಲ್ಫಿರಾಂ ಎಂಬ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಅದನ್ನು ಡಾಕ್ಟರು ಹೇಳಿದ ಮೇಲೆ, ತಿಳಿದು ಒಪ್ಪಿದವರಿಗೆ ಮಾತ್ರ ಕೊಡುವುದು.

<b>ನಿಮಗೂ ಬೇಕು ಒಂದು ಸಭೆ</b>

ಆ ಬಿಲ್‌ನ ಹೆಂಡತಿ ಲೋಯಿಸ್ ಒಂದು ವಿಷಯ ಗಮನಿಸಿದಳು. ಗಂಡಸರು ಒಳಗೆ ಸಭೆಯಲ್ಲಿ ಕೂತರೆ ಹೆಂಡತಿಯರೂ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಹಗುರಾಗುತ್ತಿದ್ದರು. 1951ರಲ್ಲಿ ಆಕೆ ಗೆಳತಿಯೊಬ್ಬಳ ಜೊತೆ ಸೇರಿ ಮನೆಯವರಿಗಾಗಿಯೇ ಅಲ್-ಅನಾನ್ ಕಟ್ಟಿದಳು. ಅಲ್ಲಿ ಹೇಳುವ ಮಾತು ನಮಗೂ ಬೇಕಾದದ್ದೇ: ಅವರ ಕುಡಿತಕ್ಕೆ ನೀವು ಕಾರಣರಲ್ಲ, ಅದನ್ನು ನೀವು ಹತೋಟಿಯಲ್ಲಿಡಲಾರಿರಿ, ವಾಸಿ ಮಾಡಲೂ ಆರಿರಿ. ಎಷ್ಟು ವರ್ಷದ ಹೊರೆ ಇಳಿದಂತಾಗುತ್ತದೆ ನೋಡಿ! ಅಂಥ ಗುಂಪು ಹತ್ತಿರದಲ್ಲಿ ಇಲ್ಲವೆಂದರೆ, ಇದೇ ಕಷ್ಟ ಉಂಡ ಇಬ್ಬರು ಹೆಂಗಸರು ವಾರಕ್ಕೊಮ್ಮೆ ಕೂತರೂ ಅದು ಸಭೆಯೇ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು, ನೀರು ಸೇದುವಲ್ಲಿಗೆ ಬರಬಾರದು.

ಮನೆಯಲ್ಲಿ ಮಾಡುವುದಕ್ಕೂ ಕೆಲಸವಿದೆ. ಭರಣಿಯಲ್ಲಿಟ್ಟ ಮನೆ ವೈನನ್ನೂ ಕೇಕಿಗೆಂದು ತಂದ ರಮ್ಮನ್ನೂ ಹೊರಗೆ ಹಾಕಿ. ಹಸಿವು ಕುಡಿತದ ಆಸೆಯನ್ನು ಕೆರಳಿಸುತ್ತದೆ. ಸಂಜೆ ಅವರು ಬರುವ ಹೊತ್ತಿಗೆ ಬಿಸಿ ರೊಟ್ಟಿಯೋ ಕಡುಬೋ ಸಿದ್ಧವಿರಲಿ. ಸಭೆಯ ದಿನ ಬೇರೆ ಕೆಲಸ ಹಚ್ಚಬೇಡಿ. ಒಮ್ಮೆ ಜಾರಿ ಕುಡಿದರೆ "ನಿನ್ನ ಹಣೆಬರಹವೇ ಇಷ್ಟು" ಎನ್ನದೆ ಮುಂದಿನ ಸಭೆಗೆ ಹೊರಡಿಸಿ. ಆದರೆ ಹೊಡೆತ ಬಡಿತ ಸಹಿಸಬೇಕಾಗಿಲ್ಲ. ಅದಕ್ಕೆ 181 ಮಹಿಳಾ ಸಹಾಯವಾಣಿ ಇದೆ, 112 ಇದೆ.

ಮನೆಯ ಮರ್ಯಾದೆ ಹೋಗುತ್ತದೆಂದು ಸುಮ್ಮನಿರುವ ಅಕ್ಕತಂಗಿಯರೇ, ಊರಿಗೆ ಗೊತ್ತಿಲ್ಲದ್ದು ಯಾವುದಿದೆ? ಬಟವಾಡೆ ದಿನ ಬರುವ ಮುಂಚೆ ಒಂದು ಫೋನ್ ಮಾಡಿ.